ಬಾರಿಗೆ ಬಡಿದು ಬಂದ ಚೆಂಡು

ಪೀಣ್ಯದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ತಗಡು ಒತ್ತುವ ಪ್ರೆಸ್ ಶಾಪಿನಿಂದ ಬಂದ ಪೀಸುಗಳನ್ನು ಅಳತೆಯ ಗೇಜಿಗೆ ಹಾಕಿ ನೋಡುವುದು, ಸರಿಯಿದ್ದರೆ ಸೈನ್ ಮಾಡುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಬೇಡ ಅಂದದ್ದನ್ನು ಎರಡನೇ ಸಲ ನೋಡುವ ಅಭ್ಯಾಸ ನನಗಿರಲಿಲ್ಲ. ಮನುಷ್ಯ ಖಡಕ್ಕು ಅಂತ ಜನ ಹೇಳುತ್ತಿದ್ದರು, ನಾನೂ ಅದನ್ನು ನಂಬಿ ಮೆರೆದೆ. ಕಾರ್ಖಾನೆಯ ಫುಟ್‌ಬಾಲ್ ಪಂದ್ಯಕ್ಕೆ ನನ್ನನ್ನು ರೆಫ್ರಿ ಮಾಡಿದ್ದೂ ಅದಕ್ಕೇ.

ಪಂದ್ಯ ಪ್ರೆಸ್ ಶಾಪಿಗೂ ಪ್ಲೇಟಿಂಗ್ ವಿಭಾಗಕ್ಕೂ. ಗೆದ್ದವರು ಕಾರ್ಖಾನೆಯ ಪರವಾಗಿ ಹೊರಗಿನ ಟೂರ್ನಮೆಂಟಿಗೆ ಹೋಗುತ್ತಿದ್ದರು. ಅಲ್ಲಿ ಕಾಂಟ್ರಾಕ್ಟ್ ಕೆಲಸಗಾರರನ್ನು ಆಡಿಸುವಂತಿಲ್ಲ. ಹಾಗಾಗಿ ಗೆದ್ದ ತಂಡದಲ್ಲಿ ಅಂಥವರಿದ್ದರೆ ಮಾಲೀಕರು ಅವರನ್ನು ಪರ್ಮನೆಂಟ್ ಮಾಡಿಬಿಡುತ್ತಿದ್ದರು. ಪ್ರೆಸ್ ಶಾಪಿನ ತಂಡದಲ್ಲಿ ಅಂಥವನು ಒಬ್ಬನೇ ಇದ್ದ. ವಿಜಯಪುರದ ಕಡೆಯವನು. ಚಿಕ್ಕಬಾಣಾವರದಲ್ಲಿ ಬಾಡಿಗೆ ರೂಮು, ಹೆಂಡತಿ, ಕೈಗೂಸು. ಅವನ ಕಾಂಟ್ರಾಕ್ಟ್ ಆ ತಿಂಗಳಿಗೇ ಮುಗಿಯುವುದಿತ್ತು. ಇದೆಲ್ಲ ನನಗೆ ಗೊತ್ತಿತ್ತು.

ಆಟ ಸಮವಾಗಿ, ಎರಡೂ ಕಡೆಯವರು ಐದೈದು ಪೆನಾಲ್ಟಿ ಒದೆಯುವ ಶೂಟೌಟಿಗೆ ಬಂತು. ಎರಡೂ ತಂಡಗಳನ್ನು ನಿಲ್ಲಿಸಿಕೊಂಡು ದೊಡ್ಡ ಪಂಡಿತನ ಹಾಗೆ ಪಾಠ ಹೇಳಿದೆ. ಆಟದ ನಡುವಿನ ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ತಡೆದ ಚೆಂಡು ವಾಪಸ್ ಬಂದರೆ ಮತ್ತೆ ಒದೆಯಬಹುದು. ಶೂಟೌಟಿನಲ್ಲಿ ಒದೆಯುವುದು ಒಂದೇ ಸಲ, ರಿಬೌಂಡ್ ಗಿಬೌಂಡ್ ಏನೂ ಇಲ್ಲ ಅಂದೆ.

ಪ್ಲೇಟಿಂಗಿನವರ ಐದೂ ಮುಗಿದು ಮೂರು ಮೂರು ಆಗಿತ್ತು. ಪ್ರೆಸ್ ಶಾಪಿನ ಕೊನೆಯ ಕಿಕ್ ಅವನದು. ಒಳಗೆ ಹೋದರೆ ಗೆದ್ದ ಹಾಗೆ. ಚೆಂಡು ಗೋಲ್‌ಕಂಬಗಳ ಮೇಲಿನ ಬಾರಿಗೆ ಬಡಿದು ಕೆಳಗೆ ಬಂತು, ನೆಲಕ್ಕೆ ಬಿದ್ದಿದ್ದ ಗೋಲ್‌ಕೀಪರನ ಬೆನ್ನಿಗೆ ತಾಗಿತು, ಉರುಳಿಕೊಂಡು ಗೆರೆ ದಾಟಿತು. ನಾನು ಸೀಟಿ ಊದಿ ಗೋಲ್ ಇಲ್ಲ ಎಂದು ಕೈಯಾಡಿಸಿದೆ. ಬಾರಿಗೆ ಬಡಿದಾಗಲೇ ಅದು ನನ್ನ ಪಾಲಿಗೆ ರಿಜೆಕ್ಟ್ ಆಗಿತ್ತು.

ಅವನು ಹತ್ತಿರ ಬಂದ. "ಸರ, ನಾ ಮತ್ತ ಒದ್ದಿಲ್ಲರಿ. ಚೆಂಡು ಇನ್ನೂ ಉರುಳಾಕತ್ತಿತ್ತು."

"ರಿಬೌಂಡ್ ಇಲ್ಲ ಅಂತ ಆಗ್ಲೇ ಹೇಳಿದ್ನಲ್ಲಪ್ಪ. ನಡಿ ಆಚೆ."

ಅವನು ಹಿಂದಕ್ಕೆ ಹೋದ. ಮುಂದಿನ ಸುತ್ತಿನಲ್ಲಿ ಪ್ರೆಸ್ ಶಾಪ್ ಸೋತಿತು.

ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲಿ ನಿಯಮ ಹುಡುಕಿದೆ. ನಾನೇ ಸರಿ ಅಂತ ಓದಿಕೊಳ್ಳುವ ಚಪಲ, ಇನ್ನೇನಲ್ಲ. ಒದ್ದವನು ಎರಡನೇ ಸಲ ಮುಟ್ಟುವಂತಿಲ್ಲ, ಅದು ನಿಜ. ಆದರೆ ಚೆಂಡು ನಿಲ್ಲುವ ತನಕ ಕಿಕ್ ಮುಗಿದಿರುವುದಿಲ್ಲ. ಬಾರಿಗೆ ಬಡಿದು ಗೋಲ್‌ಕೀಪರನಿಗೆ ತಾಗಿ ಒಳಗೆ ಹೋದರೂ ಗೋಲೇ. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

ಮರುದಿನ ಬೆಳಿಗ್ಗೆ ಎಚ್‌ಆರ್ ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಆಕೆ ಕೇಳಿಸಿಕೊಂಡು ಒಂದು ಬಿಳಿ ಹಾಳೆ ಮುಂದೆ ಸರಿಸಿದರು. "ತೀರ್ಪಲ್ಲಿ ನಂದೇ ತಪ್ಪಾಯ್ತು ಅಂತ ಬರ್ಕೊಡಿ ಸಾರ್. ಇವತ್ತೇ ಮೇಲೆ ಕಳಿಸ್ತೀನಿ, ಅವನ ಕೆಲಸ ಉಳೀಬಹುದು."

ಪೆನ್ನು ಕೈಗೆ ತೆಗೆದುಕೊಂಡೆ. ನನ್ನ ಸೈನ್ ನಂಬಿ ದಿನಾ ಲಾರಿಗಟ್ಟಲೆ ಮಾಲು ಹೊರಗೆ ಹೋಗುತ್ತದೆ. ನನ್ನ ತೀರ್ಪು ತಪ್ಪಿತು ಅಂತ ನಾನೇ ಬರೆದುಕೊಟ್ಟರೆ ನಾಳೆ ನನ್ನನ್ನು ಯಾರು ನಂಬುತ್ತಾರೆ? ಊಟ ಆದಮೇಲೆ ಬರುತ್ತೇನೆ ಎಂದು ಎದ್ದೆ. ಊಟ ಆಯಿತು. ಹೋಗಲಿಲ್ಲ. ಹೆದರಿದ್ದೆ, ಅಷ್ಟೇ.

ಎರಡು ದಿನ ಬಿಟ್ಟು ಅವನ ಪ್ರೆಸ್ಸಿನ ಪಕ್ಕ ನಿಂತು, ಅದು ಗೋಲ್ ಆಗಿತ್ತು ಕಣಪ್ಪ ಅಂದೆ. ಅವನು ಮೆಷಿನ್ ನಿಲ್ಲಿಸಿದ. "ಗೊತ್ತೈತ್ರಿ ಸರ."

ಮತ್ತೆ ಯಾಕೆ ಜಗಳ ಆಡಲಿಲ್ಲ ಎಂದು ಕೇಳಿದೆ.

"ಒಮ್ಮೆ ಹೇಳಿದ್ನಲ್ರಿ. ಎರಡನೇ ಸಲ ಹೇಳಿದ್ರ ನಿಮಗ ಸಿಟ್ಟು ಬರ್ತಿತ್ತು. ದಿನಾ ನನ್ನ ಪೀಸ್ ಪಾಸ್ ಮಾಡೋರು ನೀವ ಅಲ್ಲೇನ್ರಿ."

ಹಾಳೆಯ ವಿಷಯ ನಾನು ಹೇಳಲಿಲ್ಲ.

ತಿಂಗಳ ಕೊನೆಯ ದಿನ ಅವನ ಕೊನೆಯ ಟ್ರೇ ನನ್ನ ಮೇಜಿಗೆ ಬಂತು. ಯಾವಾಗಲೂ ಹತ್ತಕ್ಕೊಂದು ನೋಡುವವನು ಅವತ್ತು ಪ್ರತಿಯೊಂದನ್ನೂ ಗೇಜಿಗೆ ಹಾಕಿದೆ. ಒಂದು, ಒಂದೇ ಒಂದು ಕೆಟ್ಟ ಪೀಸ್ ಸಿಕ್ಕಿದ್ದರೂ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಇಡೀ ಟ್ರೇ ಮುಗಿಸಿದೆ. ಒಂದೂ ಸಿಗಲಿಲ್ಲ. ಸೈನ್ ಹಾಕಿದೆ.