ವಿಭೂತಿ ಹಚ್ಚಿದ ಪಂಪು

ಚಾಮರಾಜಪೇಟೆಯಲ್ಲಿ ಟಾರ್ಚಿನ ಬಲ್ಬು ಮಾಡುವ ಒಂದು ಸಣ್ಣ ಕಾರ್ಖಾನೆಯಿತ್ತು. ರೇವಣಸಿದ್ದಯ್ಯನವರು ಅಲ್ಲಿ ಹದಿನಾರು ವರ್ಷ ಒಂದೇ ಒಂದು ಪಂಪಿನ ಚಾಕರಿ ಮಾಡಿದರು. ಜಂಗಮರ ಮನೆತನ, ಅಪ್ಪ ಜನರಿಗೆ ಲಿಂಗ ಕಟ್ಟಿದರೆ ಮಗ ಬಲ್ಬಿನ ಗಾಳಿ ತೆಗೆಯುತ್ತಾನೆ ಎಂದು ನೆಂಟರು ಕುಚೋದ್ಯ ಮಾಡುತ್ತಿದ್ದರು. ಮಾಡಲಿ, ನೆಂಟರಿಗೆ ಬೇರೆ ಕೆಲಸವೇನು? ಗಾಳಿ ಉಳಿದರೆ ಬಲ್ಬಿನ ತಂತಿ ಹೊತ್ತಿಸಿದ ಕೂಡಲೇ ಸುಟ್ಟು ಹೋಗುತ್ತದೆಂದು ಅವರಿಗೆಲ್ಲಿ ಗೊತ್ತು.

ಯಾರಾದರೂ ಕೇಳಿದರೆ ರೇವಣಸಿದ್ದಯ್ಯ ಪಂಪಿನ ಗುಟ್ಟನ್ನು ಸಡಗರದಿಂದ ಹೇಳುತ್ತಿದ್ದರು. ದುಂಡನೆಯ ಡಬ್ಬದೊಳಗೆ ಅದಕ್ಕಿಂತ ಸಣ್ಣ ಉರುಳೆ, ಅದೂ ನಟ್ಟನಡುವೆ ಅಲ್ಲ, ಒಂದು ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಉರುಳೆಯ ಸೀಳಿನಲ್ಲಿ ಜಾರುವ ಎರಡು ಪಟ್ಟಿ. ಉರುಳೆ ತಿರುಗಿದಂತೆ ಪಟ್ಟಿಗಳು ಹೊರಚಾಚಿ ಗೋಡೆಯನ್ನು ಸವರಿಕೊಂಡೇ ಹೋಗುತ್ತವೆ. ಒಂದು ಕಡೆ ಜಾಗ ಹಿಗ್ಗುತ್ತದೆ, ಬಲ್ಬಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಇನ್ನೊಂದು ಕಡೆ ಜಾಗ ಕುಗ್ಗುತ್ತದೆ, ಅದೇ ಗಾಳಿ ಹೊರಗೆ ಹೋಗಲೇಬೇಕು. ಸಂದುಗಳನ್ನು ಮುಚ್ಚುವುದು ಎಣ್ಣೆ. ಬಂಕಿನಲ್ಲಿ ಪೆಟ್ರೋಲು ಎತ್ತುವುದೂ, ಆಸ್ಪತ್ರೆಯಲ್ಲಿ ಗಂಟಲಿನ ಕಫ ಎಳೆಯುವುದೂ ಇದರ ಅಣ್ಣತಮ್ಮಂದಿರೇ ಎಂದು ಹೆಮ್ಮೆಪಡುತ್ತಿದ್ದರು.

ಆ ಎಣ್ಣೆ ಬದಲಿಸುತ್ತಿದ್ದವನು ಮಾಯಣ್ಣ. ಮಿತಭಾಷಿ, ಕೈ ಶುದ್ಧವಿದ್ದವನು.

ನಲವತ್ತೆಂಟರ ಆಯುಧಪೂಜೆ. ಪಂಪಿನ ರಬ್ಬರ್ ಕೊಳವೆ ಕಳಚಿ ತೊಳೆದಿಟ್ಟಿದ್ದರು. ರೇವಣಸಿದ್ದಯ್ಯ ಯೋಚಿಸಿದರು: ಮಿಷನ್ನಿಗೂ ಮುಖ ಅಂತ ಒಂದಿದ್ದರೆ ಅದು ಉಸಿರೆಳೆಯುವ ಬಾಯಿಯೇ ತಾನೆ? ಹಾಗಾಗಿ ಒಣ ವಿಭೂತಿಯನ್ನು ಧಾರಾಳವಾಗಿ ಆ ತೆರೆದ ಬಾಯಿಯ ಸುತ್ತಲೇ ಬಳಿದರು. ಎಲ್ಲರೂ ಕೈ ಮುಗಿದರು.

ಹಬ್ಬ ಕಳೆದ ಮೇಲೆ ಪಂಪು ಕರಕರ ಅನ್ನತೊಡಗಿತು. ಎರಡೇ ವಾರದಲ್ಲಿ ಸಾವಿರಾರು ಬಲ್ಬು ಕೆಟ್ಟವು. ಯಜಮಾನ ಚಂದ್ರಶೇಖರಯ್ಯನವರು ಕೆಂಡವಾದರು. ಒಳ್ಳೆ ಎಣ್ಣೆ ಕದ್ದು ಕಲಬೆರಕೆ ಹುಯ್ದಿದ್ದಾನೆಂದು ಮಾಯಣ್ಣನನ್ನು ಅಂದೇ ಮನೆಗೆ ಕಳಿಸಿದರು. ಮಾಯಣ್ಣ ರೇವಣಸಿದ್ದಯ್ಯನವರ ಮುಖವನ್ನು ಒಮ್ಮೆ ನೋಡಿ ಹೊರಟ.

ಮರುದಿನ ರೇವಣಸಿದ್ದಯ್ಯ ಒಬ್ಬರೇ ಕೂತು ಪಂಪು ಬಿಚ್ಚಿದರು. ತಳದಲ್ಲಿ ಬೂದಿ ಕಲಸಿದ ಎಣ್ಣೆ. ನುಣ್ಣನೆಯ ಗೋಡೆಯ ತುಂಬ ಗೀರು, ಪಟ್ಟಿಗಳ ಅಂಚು ಸವೆದಿತ್ತು. ತಾವೇ ಬಳಿದ ವಿಭೂತಿಯನ್ನು ಪಂಪು ಒಳಗೆಳೆದುಕೊಂಡಿದೆ ಎಂದು ಅವರಿಗೆ ಹೊಳೆಯಿತು. ಮಗಳು ಶಿವಕುಮಾರಿಯ ಮದುವೆ ಕಾರ್ತೀಕಕ್ಕೆ ನಿಶ್ಚಯವಾಗಿತ್ತು. ಅಪ್ಪನ ಕೆಲಸ ಹೋದರೆ ಬೀಗರು ತಿರುಗಿ ನೋಡುತ್ತಾರೆಯೇ? ಹಳೆ ಪಂಚೆಯ ಚೂರಿನಿಂದ ಬೂದಿಯನ್ನೆಲ್ಲ ಒರೆಸಿ ಆ ಚೂರನ್ನು ಒಲೆಗೆ ಹಾಕಿದರು. ಮದುವೆಯಾದ ಮೇಲೆ ಹೇಳಿದರಾಯಿತು ಅಂದುಕೊಂಡರು. ಮದುವೆಯಾಯಿತು. ಆಮೇಲೆ ಬಾಣಂತನ ಕಳೆಯಲಿ ಅಂದುಕೊಂಡರು. ಹೇಡಿಗೆ ನೆಪಗಳ ಬರವೆಲ್ಲಿ?

ಮಾಯಣ್ಣನಿಗೆ ಮತ್ತೆ ಯಾವ ಕಾರ್ಖಾನೆಯೂ ಕೆಲಸ ಕೊಡಲಿಲ್ಲ. ಎಣ್ಣೆ ಕಳ್ಳ ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿರುತ್ತಿತ್ತು. ತರಗುಪೇಟೆಯಲ್ಲಿ ಮೂಟೆ ಹೊತ್ತ.

ಎಂಟು ವರ್ಷದ ಮೇಲೆ, ಕೆಲಸದಿಂದ ನಿವೃತ್ತರಾಗಿ ಎರಡು ವರ್ಷ ಮಗಳ ಊರಿನಲ್ಲಿದ್ದು ಬಂದು, ಇನ್ನು ಕಳೆದುಕೊಳ್ಳುವುದೇನೂ ಇಲ್ಲವಾದಾಗ ರೇವಣಸಿದ್ದಯ್ಯ ಅವನ ಮನೆಗೆ ಹೋದರು. ಮಾಯಣ್ಣ ಜಗಲಿಯ ಮೇಲಿದ್ದ, ಬೆನ್ನು ಬಾಗಿತ್ತು. ಹೆಂಡತಿ ಮುನಿಯಕ್ಕ ಚಾಪೆ ಹಾಸಿದಳು. ರೇವಣಸಿದ್ದಯ್ಯ ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡರು, ಕಣ್ಣೀರೂ ಹಾಕಿದರು.

ಮಾಯಣ್ಣ ತಲೆಯಾಡಿಸಿದ.

“ನಂಗೊತ್ತಿತ್ತು ಅಯ್ನೋರೆ. ಪೂಜೆ ದಿನ ನಾನು ಪಕ್ಕದಲ್ಲೇ ನಿಂತಿದ್ದೆ.”

ಹಾಗಾದರೆ ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಇವರು ಕೇಳಿದರು.

“ಅಯ್ನೋರು ಹಚ್ಚಿದ ವಿಭೂತಿಯಿಂದ ಮಿಷನ್ ಕೆಟ್ಟೋಯ್ತು ಅಂದ್ರೆ ಯಾರು ನಂಬ್ತಿದ್ರು? ನೀವೇ ಹೇಳ್ಬೇಕಿತ್ತು. ಹೇಳ್ತೀರಿ ಅಂತ ಒಂದು ವರ್ಷ ಕಾದೆ.”

ರೇವಣಸಿದ್ದಯ್ಯ ಯಜಮಾನರ ಹತ್ತಿರ ಈಗಲೇ ಹೋಗಿ ಹೇಳುತ್ತೇನೆಂದು ಎದ್ದರು.

“ಕೂತ್ಕೊಳಿ,” ಎಂದ ಮಾಯಣ್ಣ. “ಯಜಮಾನ್ರು ಹೋದ್ ವರ್ಷಾನೇ ತೀರ್ಕೊಂಡ್ರಲ್ಲ. ಇನ್ಯಾರಿಗೆ ಹೇಳ್ತೀರಿ?”