ಭಾಷೆ ಕೊಟ್ಟ ಭಾನುವಾರ

ಜೆ.ಪಿ. ನಗರದ ಆಫೀಸಲ್ಲಿ ನಮ್ಮ ಟೀಮ್ ಲೀಡ್‌ಗೆ ಆಗಾಗ ಹೊಸ ಕಂಪ್ಯೂಟರ್ ಲ್ಯಾಂಗ್ವೇಜಿನ ಹುಚ್ಚು ಹಿಡಿಯುತ್ತೆ. ಈ ಸಲ ಹಿಡಿದದ್ದು ವೆಬ್ ಪೇಜಿನ ಬಟನ್ನು, ಕ್ಯಾಲೆಂಡರು ಮಾಡೋಕೆ ಅಂತಲೇ ಹೊಸದಾಗಿ ಬಂದ ಒಂದು. "ಮಗಾ, ಸಖತ್ತಾಗಿದೆ! ಕೋಡಲ್ಲಿ ತಪ್ಪಿದ್ರೆ ಓಡೋದೇ ಇಲ್ಲ!" ಅಂತ ಕುಣಿದ. ಚೆನ್ನಾಗಿ ಓಡ್ತಿದ್ದ ಹಳೇ ಕೋಡ್ ಕಿತ್ತು ಮತ್ತೆ ಬರೆಯೋ ಕರ್ಮ ನಂದು. ಡೌಟ್ ಬಂದ್ರೆ ಇಂಟರ್ನೆಟ್ಟಲ್ಲೂ ಉತ್ತರ ಇಲ್ಲ. ಅದನ್ನ ಬಳಸೋರು ಇದ್ರೆ ತಾನೆ! ತಲೆ ಚಿಟ್ಟು ಹಿಡಿದುಹೋಯ್ತು.

ಕೆಲಸ ಸಾರಕ್ಕಿಯ ಒಂದು ಕಲ್ಯಾಣ ಮಂಟಪದ್ದು. ಯಜಮಾನರು ಹಳೇ ಊರಿನವರು, ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೀತಿದ್ದವರು. ಆಷಾಢ ಮುಗಿಯೋಷ್ಟರಲ್ಲಿ ಜನ ಮೊಬೈಲಲ್ಲೇ ಮಂಟಪ ಬುಕ್ ಮಾಡೋ ಹಾಗಿರಬೇಕು ಅಂದಿದ್ದರು. ಅವರ ತಂಗಿ ಮಗಳ ಮದುವೆಯೂ ಶ್ರಾವಣದಲ್ಲೇ, ಅದೇ ಮಂಟಪದಲ್ಲೇ. ಜಮೀನು ಭಾಗದ ಜಗಳದಲ್ಲಿ ಅಣ್ಣ ತಂಗಿ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಈ ಮದುವೆ ನೆಪದಲ್ಲಿ ಮತ್ತೆ ಹೋಗಿ ಬಂದು ಮಾಡೋದು ಶುರುವಾಗಿದೆ ಅಂತ ನನ್ನ ಹತ್ರ ಖುಷಿಯಿಂದ ಹೇಳ್ಕೊಂಡಿದ್ದರು.

ಪೇಜು ತೆರೆಯೋ ಮುಂಚೆ ಯಜಮಾನರು ಲೀಡ್‌ಗೆ ಫೋನ್ ಮಾಡಿ, "ಶ್ರಾವಣದ ಮೊದಲ್ನೇ ಭಾನುವಾರಕ್ಕೆ ಭಾಷೆ ಕೊಟ್ಟಿದೀನಿ, ಅದೊಂದು ನೋಡ್ಕೊಳ್ಳಿ ಸಾರ್" ಅಂದರಂತೆ. ಈ ಪುಣ್ಯಾತ್ಮನ ತಲೇಲಿ ಭಾಷೆ ಅಂದ್ರೆ ಒಂದೇ. ಭಾನುವಾರದೊಳಗೆ ಭಾಷೆ ಬೇಕಂತೆ ಅಂದ್ಕೊಂಡು ಪೇಜಿನ ಮೂಲೇಲಿ ಕನ್ನಡ, ಇಂಗ್ಲಿಷ್ ಅಂತ ಎರಡು ಬಟನ್ ಇಟ್ಟ. ಅಯ್ಯೋ ಮಂಕೇ, ಭಾಷೆ ಕೊಡೋದು ಅಂದ್ರೆ ಮಾತು ಕೊಡೋದು ಕಣೋ! ನಿಮ್ಮಜ್ಜಿ ಒಂದಿನಾನೂ ಹೇಳಿರ್ಲಿಲ್ವಾ?

ತಂಗಿಗೆ ಮಾತು ಕೊಟ್ಟಿದ್ದ ಆ ಭಾನುವಾರ ಪೇಜಲ್ಲಿ ಖಾಲಿ ಅಂತಲೇ ಕಾಣಿಸ್ತು. ಬಿಟಿಎಂ ಲೇಔಟ್ ಕಡೆಯ ಯಾರೋ ಬುಕ್ ಮಾಡಿ, ಲಗ್ನಪತ್ರಿಕೆನೂ ಹಂಚಿಬಿಟ್ಟರು. ನಮ್ಮ ಹೊಸ ಲ್ಯಾಂಗ್ವೇಜು ತುಟಿಪಿಟಿಕ್ ಅನ್ನಲಿಲ್ಲ.

ಯಜಮಾನರು ಆಫೀಸಿಗೇ ಬಂದರು. ಬೈತಾರೆ ಅಂದ್ಕೊಂಡೆ, ಬೈದಿದ್ರೇ ಚೆನ್ನಾಗಿರ್ತಿತ್ತು. ಲೀಡ್ ಸ್ಕ್ರೀನ್ ತೋರಿಸಿ, "ಸಾರ್, ಕೋಡಲ್ಲಿ ತಪ್ಪೇ ಇಲ್ಲ" ಅಂದ. ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸ್ತು ನಂಗೆ. ಯಜಮಾನರು ನನ್ನ ಪಕ್ಕದ ಕುರ್ಚೀಲಿ ಕೂತು, ಸ್ಪೀಕರ್ ಹಾಕ್ಕೊಂಡು ತಂಗಿಗೆ ಫೋನ್ ಮಾಡಿದರು. ಆದದ್ದೆಲ್ಲ ಹೇಳಿ, "ನಂದೇನೂ ಇಲ್ಲ ಕಣಮ್ಮ, ಕಂಪ್ಯೂಟರ್‌ನೋರು ಎಡವಟ್ಟು ಮಾಡಿಬಿಟ್ರು" ಅಂದರು.



"ಬಿಡಣ್ಣ" ಅಂದರು ಆಕೆ. "ಜಮೀನು ಭಾಗ ಆದಾಗ ಸರ್ವೆಯವರು ಎಡವಟ್ಟು ಮಾಡಿದ್ರು ಅಂದೆ ನೀನು. ಈಗ ಕಂಪ್ಯೂಟರ್‌ನೋರು."