ಎಂಟು ಚಿತ್ರಗಳ ಮೈಸೂರು

ಮೈಸೂರನ್ನು ಚೆನ್ನಾಗಿ ನೋಡಿದ್ದೇನೆಂದು ನಾನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ನಾಲ್ಕು ವರ್ಷ ಅಲ್ಲಿ ಓದಿದ್ದೇನೆ. ಮಂಡ್ಯದಲ್ಲಿ ಮೇಷ್ಟರಾದ ಮೇಲೆ, ಯುದ್ಧದ ಕಾಲದ ಒಂದು ಬೇಸಿಗೆ ರಜೆಯನ್ನು ಪೂರ್ತಿ ಅಲ್ಲೇ ಕಳೆದಿದ್ದೇನೆ. ಆದರೂ ಹೇಳುವುದಿಲ್ಲ.

ಆ ಬೇಸಿಗೆ ನಾನು ಹೊರಟದ್ದು ವಿಶ್ವವಿದ್ಯಾನಿಲಯದ ಪುಸ್ತಕ ಭಂಡಾರದಲ್ಲಿ ಓದಲು. ಅವ್ವ ಒಪ್ಪಿಸಿದ ಕೆಲಸ ಬೇರೆ. ತಂಗಿ ಜಯ ಮೈಸೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಚಳಿಗಾಲದಲ್ಲಿ ಅವಳಿಗೆ ವಿಷಮಜ್ವರ ಬಂದು ಹೋಗಿತ್ತು. ಬೀಗರು ಕರೆಯದೆ ಅವರ ಹೊಸಿಲು ತುಳಿಯುವುದು ನಮ್ಮಲ್ಲಿ ಹೆಣ್ಣು ಹೆತ್ತವಳಿಗೆ ಸಲ್ಲ.

“ಚೆನ್ನಾಗಿವ್ನಿ ಅಂತ ಕಾಗದ ಬರೀತಾಳೆ. ಕಾಗದಕ್ಕೇನು, ಯಾರಾದ್ರೂ ಬರೀತಾರೆ. ನೀನು ಕಣ್ಣಾರ ನೋಡ್ಕೊಂಡು ಬಾ ಕಣ್ಲಾ,” ಎಂದಳು ಅವ್ವ.

ತರ್ಕಶಾಸ್ತ್ರದವರು ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲ ಮಣೆ ಹಾಕಿದ್ದಾರೆ. ಆದರೆ ಕಂಡದ್ದು ಊರು ತಲುಪುವಷ್ಟರಲ್ಲಿ ನನ್ನ ತಲೆಯಲ್ಲಿ ಬೇರೆಯೇ ಆಗಿರುತ್ತದೆ. ಆದ್ದರಿಂದ ಪ್ರತ್ಯಕ್ಷವನ್ನು ಡಬ್ಬಿಯಲ್ಲೇ ಹಾಕಿ ತರಲು ನಿಶ್ಚಯಿಸಿದೆ. ಮಂಡ್ಯದ ಗುತ್ತಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಸಾಬರು ತಮ್ಮ ಡಬ್ಬಿ ಕ್ಯಾಮೆರಾವನ್ನೂ, ಆಗ ಸಿಗುವುದೇ ದುರ್ಲಭವಾಗಿದ್ದ ಫಿಲ್ಮಿನ ಒಂದು ಸುರುಳಿಯನ್ನೂ ಕೊಟ್ಟರು. ಎಂಟೇ ಎಂಟು ಚಿತ್ರ.

ಮೈಸೂರಿನಲ್ಲಿ ನನಗೆ ಒಂದು ಕಡೆ ಕಾಲು ನಿಲ್ಲಲಿಲ್ಲ. ಅರಮನೆಯ ಮುಂದೆ ನಿಂತಾಗ ಬೆಟ್ಟದ ನಂದಿಗೆ ಬೆಳಕು ತಪ್ಪಿತೆಂಬ ಚಿಂತೆ. ನಂದಿಯ ಮುಂದೆ ನಿಂತಾಗ ಕಾಲೇಜಿನ ಕಂಬಗಳಿಗೆ ಬಿಸಿಲು ಬಿದ್ದಿರಬಹುದೆಂಬ ತಳಮಳ. ಜಯಳನ್ನು ಎಳೆದುಕೊಂಡು ಎಲ್ಲ ಕಡೆ ಓಡಿದೆ. ಬೆಟ್ಟದ ಮೆಟ್ಟಿಲಲ್ಲಿ ಅವಳು ಎರಡು ಸಲ ಕುಳಿತಾಗ, ಹೊತ್ತು ಇಳಿಯುತ್ತಿದೆಯೆಂದು ಗದರಿದೆ. ಅವಳನ್ನು ನಿಲ್ಲಿಸುವುದು, ಗೋಪುರವೆಲ್ಲ ಹಿಡಿಸುವವರೆಗೆ ನಾನು ಹಿಂದೆ ಹಿಂದೆ ಹೋಗುವುದು, ಅಲ್ಲಿಂದ “ಕೈ ಇಳಿಬಿಡು, ನೆಟ್ಟಗೆ ನಿಲ್ಲು, ನಗು” ಎಂದು ಕೂಗುವುದು. ಸಂಜೆ ಕಮಾನುಗಳ ಶೈಲಿಯ ಬಗ್ಗೆ ದಿನಚರಿಯಲ್ಲಿ ಪುಟಗಟ್ಟಲೆ ಬರೆದೆ.

ಊರಿಗೆ ಬಂದು ಚಿತ್ರಗಳನ್ನು ಅವ್ವನ ಮುಂದೆ ಹರಡಿದೆ.

“ಅರಮನೆ ಚೆನ್ನಾಗೈತೆ. ಜಯ ಎಲ್ಲವ್ಳೆ?”

ತೋರಿಸಿದೆ. ರಾಗಿಕಾಳಿನಷ್ಟು ಮುಖ.

“ಬಳೆ ಮೊಣಕೈಗಂಟ ಓಯ್ತವಾ?”

ಜ್ವರ ಬಿಟ್ಟ ಮಗಳು ಮೈ ತುಂಬಿಕೊಂಡಳೇ ಎಂದು ಅವ್ವ ನೋಡುವುದು ಮುಖದಲ್ಲಲ್ಲ. ಕೈಯೆತ್ತಿದಾಗ ಬಳೆ ಎಲ್ಲಿಯವರೆಗೆ ಜಾರುತ್ತದೆಂದು. ನಾನು ಸಾಬರ ಅಂಗಡಿಗೆ ಓಡಿದೆ. ಅವರು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಎಂಟನ್ನೂ ನೋಡಿದರು.

“ಅರಮನೆ ಕಿಟಕಿ ಎಣಿಸ್ಬೋದು ಮೇಷ್ಟ್ರೇ. ಬಳೆ ಎಲ್ಲಾ ಮಣಿಕಟ್ಟಲ್ಲೇ ಅವೆ. ಕೈ ಇಳಿಬುಟ್ರೆ ಇನ್ನೆಲ್ಲಿಗೆ ಓದಾವು?”

ದಿನಚರಿ ತಿರುವಿದೆ. ಕಮಾನುಗಳಿದ್ದವು, ಜಯ ಇರಲಿಲ್ಲ. “ಚೆನ್ನಾಗವ್ಳೆ ಕಣವ್ವ,” ಎಂದುಬಿಟ್ಟೆ. ಹಾಗೆಂದದ್ದು ನೆನಪಿನಿಂದಲೋ ನನ್ನ ಅನುಕೂಲಕ್ಕೋ ತಿಳಿಯದೆ ಅಂಗಳದಲ್ಲಿ ಶತಪಥ ಹಾಕತೊಡಗಿದೆ.

ನನ್ನ ಅಲೆದಾಟ ನೋಡಿ ಅವ್ವ ಚಿತ್ರಗಳನ್ನು ಒಟ್ಟುಮಾಡಿಟ್ಟಳು. “ಕರೀದಿದ್ರೆ ಓಗ್ಲಿ ಬುಡು. ಒಳೀಕ್ ಬುಡದಿದ್ರೆ ಜಗಲಿ ಮೇಲೇ ಕುಂತ್ಕತೀನಿ,” ಎಂದವಳೇ ಮರುದಿನ ಬೆಳಗಿನ ರೈಲು ಹತ್ತಿದಳು. ಮೂರನೆಯ ದಿನ ಜಯಳನ್ನು ಕರೆದುಕೊಂಡೇ ಬಂದಳು.

ಜಯ ಬಂದವಳೇ ನೀರು ಕುಡಿಯಲು ಚೊಂಬೆತ್ತಿದಳು. ಬಳೆಗಳೆಲ್ಲ ಗಲಗಲನೆ ಜಾರಿ ಮೊಣಕೈ ಮುಟ್ಟಿದವು.

“ಅಲ್ಲ ಕಣೇ, ಅಷ್ಟು ದಿನ ಜೊತೇಲೇ ತಿರುಗಿದ್ನಲ್ಲ. ಒಂದು ಮಾತು ಹೇಳ್ಬಾರ್ದಾಗಿತ್ತಾ?” ಎಂದೆ, ತಪ್ಪು ಅವಳದೇ ಎಂಬಂತೆ.

ಜಯ ಚೊಂಬು ಕೆಳಗಿಟ್ಟಳು.

“ನೀನು ನಗು ಅಂದೆ ಕಣಣ್ಣ. ನಕ್ಕೆ.”